ಎಂಜಿನ್ ಮೇಲೆ ಕೂತ ಮುನಿಯಕ್ಕ

ಬೊಮ್ಮಸಂದ್ರದಿಂದ ಹೆಬ್ಬಗೋಡಿ ಕಡೆಗೆ ಬರುವಾಗ ಸರ್ವಿಸ್ ರಸ್ತೆಯಲ್ಲಿ ಗಾಡಿ ಪಂಚರ್ ಆದರೆ ಯಾರನ್ನು ಬೇಕಾದರೂ ಕೇಳಿ, ಮುಂದೆ ಹೊಂಗೆಮರದ ಕೆಳಗೆ ಮುನಿಯಕ್ಕ ಇರುತ್ತಾಳೆ, ತಳ್ಳಿಕೊಂಡು ಹೋಗಿ ಎನ್ನುತ್ತಾರೆ. ಹೆಂಗಸು ಪಂಚರ್ ಹಾಕುತ್ತಾಳೆಯೇ ಎಂದು ಹೊಸಬರು ಹುಬ್ಬೇರಿಸುತ್ತಾರೆ. ಹೋಗಿ ನೋಡಿದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಸೀರೆಯ ಮೇಲೊಂದು ಗಂಡಸರ ಖಾಕಿ ಅಂಗಿ ತೊಟ್ಟು, ಬಾಯಲ್ಲಿ ಎಲೆಯಡಿಕೆ ಜಗಿಯುತ್ತಾ, ಟೈರಿನಿಂದ ಮೊಳೆ ಕೀಳುತ್ತಿರುತ್ತಾಳೆ. ಕಿತ್ತ ಮೊಳೆಯನ್ನು ಗಾಡಿಯವರ ಕೈಗೇ ಕೊಟ್ಟು, ಇಟ್ಟುಕೊಳ್ಳಿ ಸಾರ್, ನಿಮ್ಮದೇ ಎನ್ನುತ್ತಾಳೆ. ಅರವತ್ತಕ್ಕೆ ಹತ್ತಿರವಾದ ಹೆಂಗಸಿನ ಬಾಯಿಗೆ ಎದುರು ಮಾತಾಡುವ ಧೈರ್ಯ ಆ ರಸ್ತೆಯಲ್ಲಿ ಯಾರಿಗೂ ಇಲ್ಲ.

ಅಂಗಡಿ ಶುರು ಮಾಡಿದ್ದು ಅವಳಲ್ಲ, ಅವಳ ಗಂಡ ಲಕ್ಷ್ಮಣಪ್ಪ. ಅವರು ಇದೇ ಊರಿನವರು. ಕಾರ್ಖಾನೆಗಳು ಬರುವುದಕ್ಕೆ ಮುಂಚೆ ಇದೇ ರಸ್ತೆಯ ಪಕ್ಕದಲ್ಲಿ ಅವರಿಗೆ ರಾಗಿ ಹೊಲವಿತ್ತು, ಹೊಲದಲ್ಲೊಂದು ಬಾವಿಯಿತ್ತು, ಬಾವಿಯ ಪಂಪಿಗೊಂದು ಎಂಜಿನ್ ಇತ್ತು. ಜಮೀನು ಇಂಡಸ್ಟ್ರಿಗೆ ಹೋಯಿತು. ಬಾವಿಯ ಮೇಲೆ ಈಗ ಯಾವುದೋ ಕಂಪನಿಯವರು ಬೈಕ್ ನಿಲ್ಲಿಸುತ್ತಾರೆ. ಬಂದ ದುಡ್ಡಿನಲ್ಲಿ ಮನೆ ಕಟ್ಟಿದರು, ಹಿಂದೆ ಬಾಡಿಗೆಗೆ ಅಂತ ಸಾಲಾಗಿ ರೂಮುಗಳನ್ನೂ ಕಟ್ಟಿದರು. ಹೊಲದ ಗುರುತಾಗಿ ಉಳಿದದ್ದು ಎಂಜಿನ್ ಒಂದೇ. ಲಕ್ಷ್ಮಣಪ್ಪನ ಅಪ್ಪ ತಂದದ್ದು, ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಹಳೆಯದೊಂದು ಗಾಳಿ ಟ್ಯಾಂಕು, ಕಂಪ್ರೆಸರ್ ತಂದು ಅದಕ್ಕೆ ಬೆಲ್ಟು ಹಾಕಿ, ಮನೆಯ ಮುಂದಿನ ಹೊಂಗೆಮರದ ಕೆಳಗೆ ಪಂಚರ್ ಅಂಗಡಿ ಇಟ್ಟುಬಿಟ್ಟ. ನೀರು ಎತ್ತುತ್ತಿದ್ದ ಎಂಜಿನ್ ಗಾಳಿ ತುಂಬುವ ಕೆಲಸಕ್ಕೆ ಬಿತ್ತು.

ಲಕ್ಷ್ಮಣಪ್ಪನಿಗೆ ಒಂದು ಜಾಗದಲ್ಲಿ ಕೂತು ಕೆಲಸ ಮಾಡುವ ಅಭ್ಯಾಸ ಮಾತ್ರ ಯಾವ ಕಾಲಕ್ಕೂ ಬರಲಿಲ್ಲ. ಟೀ ಕುಡಿದು ಬರುತ್ತೇನೆ ಎಂದು ಹೋದರೆ ಟೀ ಅಂಗಡಿಯಲ್ಲಿ ಪಂಚಾಯಿತಿ ಎಲೆಕ್ಷನ್ ಮುಗಿಸಿಯೇ ಬರುತ್ತಿದ್ದ. ಅಷ್ಟರಲ್ಲಿ ಗಿರಾಕಿ ಬಂದು ನಿಂತರೆ ಏನು ಮಾಡುವುದು? ಮುನಿಯಕ್ಕ ಒಂದು ದಿನ ತಾನೇ ಟೈರು ಬಿಚ್ಚಿದಳು, ಮಾರನೇ ದಿನ ತಾನೇ ಪ್ಯಾಚು ಹಾಕಿದಳು, ತಿಂಗಳು ಕಳೆಯುವಷ್ಟರಲ್ಲಿ ಗಿರಾಕಿಗಳು ‘ಅಕ್ಕ ಇಲ್ವಾ?’ ಎಂದು ಕೇಳತೊಡಗಿದರು. ಹಾಗೆ ಅಂಗಡಿ ಅವಳದಾಯಿತು. ಗಂಡನಿಗೆ ಉಳಿದದ್ದು ಒಂದೇ ಕೆಲಸ, ಎಂಜಿನ್ ಸ್ಟಾರ್ಟ್ ಮಾಡುವುದು.

ಅದೇನು ಸುಮ್ಮನೆ ಕೆಲಸವಲ್ಲ. ಎಂಜಿನ್ನಿನ ಚಕ್ರಕ್ಕೆ ಹಗ್ಗ ಸುತ್ತಿ, ಅಂಗೈಗೆ ಥೂ ಥೂ ಎಂದು ಉಗಿದು ಉಜ್ಜಿ, ಎಡಗಾಲನ್ನು ಸಿಮೆಂಟ್ ಕಟ್ಟೆಗೆ ಒತ್ತಿ, ಒಂದೇ ಉಸಿರಿಗೆ ಎಳೆಯಬೇಕು. ಎಳೆತ ಸ್ವಲ್ಪ ಮೆತ್ತಗಾದರೂ ಅದು ಹಗ್ಗವನ್ನು ವಾಪಸ್ ಎಳೆದುಕೊಳ್ಳುತ್ತದೆ. ವರ್ಷಗಳ ಹಿಂದೆ ಗಂಡ ಇಲ್ಲದ ಹೊತ್ತಿನಲ್ಲಿ ಮುನಿಯಕ್ಕ ಒಮ್ಮೆ ಎಳೆಯಲು ಹೋಗಿ ಮಣಿಕಟ್ಟು ಮುರಿದುಕೊಂಡಿದ್ದಳು. ಇವತ್ತಿಗೂ ಆ ಕೈ ಸ್ವಲ್ಪ ಸೊಟ್ಟಗಿದೆ. ಆವತ್ತು ಆಸ್ಪತ್ರೆಯಲ್ಲಿ ಲಕ್ಷ್ಮಣಪ್ಪ ಅತ್ತುಬಿಟ್ಟಿದ್ದ. ನಾನು ಬದುಕಿರೋವರೆಗೂ ನೀನು ಹಗ್ಗ ಮುಟ್ಟಬಾರದು ಎಂದು ಹೇಳಿದ್ದ, ಹೇಳಿದಂತೆಯೇ ನಡೆದುಕೊಂಡ. ಬೆಳಿಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ, ಟ್ಯಾಂಕಿನಲ್ಲಿ ಗಾಳಿ ಇಳಿದಾಗಲೆಲ್ಲ ಒಮ್ಮೆ, ಊರಿನ ಯಾವ ಮೂಲೆಯಲ್ಲಿ ಹರಟುತ್ತಿದ್ದರೂ ಓಡಿ ಬಂದು ಹಗ್ಗ ಎಳೆಯುತ್ತಿದ್ದ. ಎಂಜಿನ್ ಡಬಡಬ ಎಂದು ಹತ್ತಿಕೊಂಡ ಕೂಡಲೇ ಊರನ್ನೇ ಗೆದ್ದವನ ಹಾಗೆ ಹೆಂಡತಿಯ ಕಡೆ ನೋಡುತ್ತಿದ್ದ. ಅವಳು ಎಲೆಯಡಿಕೆ ಉಗಿದು, ಆಯ್ತು ಬಿಡು ಎನ್ನುತ್ತಿದ್ದಳು. ಅವರಿಬ್ಬರ ಸಂಸಾರದಲ್ಲಿ ಮುದ್ದು ಎಂದರೆ ಇದೇ.

ಹೋದ ವರ್ಷ ಲಕ್ಷ್ಮಣಪ್ಪನಿಗೆ ಎದೆನೋವು ಬಂತು. ಸ್ಟೆಂಟ್ ಹಾಕಿದರು. ಡಾಕ್ಟರು ಬೀಡಿ ಬಿಡಿಸಿದರು, ಉಪ್ಪು ಕಡಿಮೆ ಮಾಡಿಸಿದರು, ಭಾರ ಎತ್ತುವುದು ಜಗ್ಗುವುದು ಎಲ್ಲ ನಿಲ್ಲಿಸಬೇಕೆಂದರು. ಇವರು ಮನೆಯಲ್ಲಿ ಏನು ಜಗ್ಗುತ್ತಾರೆ ಎಂದು ಡಾಕ್ಟರು ಕೇಳಿದಾಗ ಮುನಿಯಕ್ಕ ಎಂಜಿನ್ ವಿಷಯ ಹೇಳಿದಳು. ಡಾಕ್ಟರು ಪೆನ್ನು ಕೆಳಗಿಟ್ಟು, ಅದನ್ನು ಎಳೆದರೆ ಇನ್ನೊಂದು ಸಲ ನನ್ನ ಹತ್ತಿರ ಬರುವ ಅವಕಾಶ ಸಿಗದೇ ಹೋಗಬಹುದು ಎಂದುಬಿಟ್ಟರು.

ಚಂದಾಪುರಕ್ಕೆ ಕೊಟ್ಟಿರುವ ಮಗಳು ಪ್ರಿಯಾಂಕಾ ಬಂದು, ಬಾಡಿಗೆ ಬರುತ್ತಲ್ಲ, ಇನ್ನು ಅಂಗಡಿ ಯಾಕೆ, ಮುಚ್ಚಿ ಎಂದಳು. ಮುನಿಯಕ್ಕ ಕೇಳಲಿಲ್ಲ. ಅಂಗಡಿ ಮುಚ್ಚಿದರೆ ಈ ಮನುಷ್ಯ ಬೆಳಿಗ್ಗೆ ಎದ್ದು ಯಾಕೆ ಮುಖ ತೊಳೆಯಬೇಕು, ಅದನ್ನು ಹೇಳು ಮೊದಲು ಎಂದಳು. ಆಚೀಚೆಯ ಆಟೋದವರಿಂದ ಹಗ್ಗ ಎಳೆಸುವುದು ಎಂದಾಯಿತು. ಕೆಲವು ದಿನ ಹಾಗೇ ನಡೆಯಿತು. ಲಕ್ಷ್ಮಣಪ್ಪ ಕಲ್ಲುಬೆಂಚಿನ ಮೇಲೆ ಕೂತು, ಅವರು ಎಳೆಯುವುದನ್ನು ನೋಡುತ್ತಾ, ತನ್ನ ಎಂಜಿನ್ನನ್ನು ಹಾಳು ಮಾಡುತ್ತಿದ್ದಾರೆಂದು ಒಳಗೊಳಗೇ ಕುದಿಯುತ್ತಿದ್ದ.

ಒಂದು ದಿನ ಮುನಿಯಕ್ಕ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಡಬಡಬ ಸದ್ದು ಕೇಳಿಸಿತು. ಆ ಹೊತ್ತಿಗೆ ಆಟೋದವರು ಯಾರೂ ಬಂದಿರುವುದಿಲ್ಲ. ಕೈಯಲ್ಲಿದ್ದ ತಪ್ಪಲೆ ಬಿಸಾಕಿ ಓಡಿದಳು. ಲಕ್ಷ್ಮಣಪ್ಪ ಹಗ್ಗ ಹಿಡಿದು ಎಂಜಿನ್ ಪಕ್ಕ ನಿಂತಿದ್ದ, ಹಣೆಯೆಲ್ಲ ಬೆವರು, ಮುಖದ ಮೇಲೆ ಅದೇ ಊರು ಗೆದ್ದ ನಗು. ಮುನಿಯಕ್ಕ ಹಗ್ಗ ಕಿತ್ತುಕೊಂಡಳು. ಅವನನ್ನು ಬೆಂಚಿನ ಮೇಲೆ ಕೂರಿಸಿ, ಎದೆಯ ಮೇಲೆ ಕೈಯಿಟ್ಟು, ಒಳಗೆ ಎಲ್ಲ ಸರಿಯಾಗಿ ಬಡಿಯುತ್ತಿದೆಯೇ ಎಂದು ನೋಡಿದಳು.

ಅವತ್ತೇ ಹಗ್ಗವನ್ನು ರಾಗಿ ಡ್ರಮ್ಮಿನೊಳಗೆ ಬಚ್ಚಿಟ್ಟಳು. ಮಾರನೇ ದಿನ ಬಟ್ಟೆ ಒಣಹಾಕುವ ಹಗ್ಗ ಮಾಯವಾಗಿತ್ತು, ಎಂಜಿನ್ ಓಡುತ್ತಿತ್ತು. ಆ ಹಗ್ಗವನ್ನೂ ಬಚ್ಚಿಟ್ಟರೆ ಹಳೇ ಬೈಕಿನ ಟ್ಯೂಬನ್ನು ಸೀಳಿ ಹೆಣೆಯಲು ಕೂತ. ಇನ್ನು ಹಗ್ಗ ಬಚ್ಚಿಡುತ್ತಾ ಕೂತರೆ ಗಂಡ ಉಳಿಯುವುದಿಲ್ಲ, ಬಚ್ಚಿಡಬೇಕಾದದ್ದು ಎಂಜಿನ್ನನ್ನೇ ಎಂದು ಮುನಿಯಕ್ಕನಿಗೆ ಖಾತ್ರಿಯಾಯಿತು.

ಬೊಮ್ಮಸಂದ್ರದಲ್ಲಿ ಮೋಟರ್ ವೈಂಡಿಂಗ್ ಅಂಗಡಿ ಇಟ್ಟುಕೊಂಡಿರುವ ಅಂಬರೀಶನ ಹತ್ತಿರ ಹೋಗಿ ವಿಷಯ ಹೇಳಿದಳು. ಅಂಬರೀಶ ಅವಳಿಗೆ ಹಳೇ ಪರಿಚಯ, ಅವನ ಸ್ಕೂಟರಿನ ಟೈರಿನಲ್ಲಿ ಟೈರಿಗಿಂತ ಮುನಿಯಕ್ಕನ ಪ್ಯಾಚುಗಳೇ ಹೆಚ್ಚು. ಅವನು ಬಂದು ಎಲ್ಲ ಅಳೆದು ನೋಡಿದ. ಮನೆಗೆ ಕರೆಂಟು ಇದ್ದೇ ಇದೆ, ಅಲ್ಲಿಂದ ಬೇರೆ ಲೈನು ಎಳೆದರೆ ಆಯಿತು. ಎಂಜಿನ್ ಇದ್ದ ಜಾಗಕ್ಕೇ ಮೋಟರ್ ಕೂರಿಸೋಣ ಎಂದ. ಲಕ್ಷ್ಮಣಪ್ಪ ಬೆಂಚಿನಿಂದಲೇ, ನಮ್ಮಪ್ಪನ ಎಂಜಿನ್ನಿನ ಒಂದು ಬೋಲ್ಟು ಬಿಚ್ಚಿದರೂ ನಾನು ಮನೆ ಬಿಟ್ಟು ಹೋಗುತ್ತೇನೆ ಎಂದ. ಹಾಗಾಗಿ ಎಂಜಿನ್ ತನ್ನ ಕಟ್ಟೆಯ ಮೇಲೆಯೇ ಉಳಿಯಿತು. ಕಂಪ್ರೆಸರ್ ಚಕ್ರದ ಇನ್ನೊಂದು ಪಕ್ಕದಲ್ಲಿ ಹೊಸ ಕಟ್ಟೆ ಕಟ್ಟಿ ಮೋಟರ್ ಕೂರಿಸಿದರು. ಮೊದಲ ಸಲ ಹಾಕಿದಾಗ ಕಂಪ್ರೆಸರ್ ಉಲ್ಟಾ ತಿರುಗಿತು, ಅಂಬರೀಶ ವೈರು ಅದಲುಬದಲು ಮಾಡಿ ಸರಿಪಡಿಸಿದ. ಮೋಟರ್ ಎಂಜಿನ್ನಿನಷ್ಟು ಜೋರಾಗಿ ತಿರುಗುವುದಿಲ್ಲವೆಂದು ಅದಕ್ಕೆ ದೊಡ್ಡ ಪುಲ್ಲಿ ಹಾಕಿದ. ಮಳೆ ನೀರು ತಾಗಬಾರದು ಅಕ್ಕ, ಹುಷಾರು ಎಂದು ಹೇಳಿದ್ದಕ್ಕೆ ಮುನಿಯಕ್ಕ ಮೇಲೆ ತಗಡಿನ ಮಾಡನ್ನೇ ಹಾಕಿಸಿದಳು.

ಸ್ವಿಚ್ ಎಲ್ಲಿಗೆ ಹಾಕಬೇಕೆಂದು ಅಂಬರೀಶ ಕೇಳಿದ. ಕಂಪ್ರೆಸರ್ ಪಕ್ಕದ ಗೋಡೆಗೆ ಹಾಕಿದರೆ ನಿನಗೆ ಹತ್ತಿರ ಎಂದ. ಮುನಿಯಕ್ಕ ಬೇಡವೆಂದಳು. ಅಷ್ಟು ದೂರ ವೈರು ಎಳೆಸಿ, ಕಲ್ಲುಬೆಂಚಿನ ಪಕ್ಕದ ಕಂಬಕ್ಕೆ, ಕೂತವರ ಕೈಗೆ ಸಿಗುವ ಹಾಗೆ ಹಾಕಿಸಿದಳು. ಯಾಕೆಂದು ಅಂಬರೀಶನಿಗೆ ಹೊಳೆಯಿತು.

ಲಕ್ಷ್ಮಣಪ್ಪ ಮಾತ್ರ ಆ ಕಡೆ ತಿರುಗಿಯೂ ನೋಡಲಿಲ್ಲ. ಎಂಜಿನ್ ಮೇಲೆ ಗೋಣಿಚೀಲ ಹೊದಿಸಿದ ದಿನದಿಂದ ಬಸ್ ಸ್ಟಾಪಿನಲ್ಲಿ ಹೋಗಿ ಕೂರತೊಡಗಿದ. ಹೆಂಡತಿ ಕರೆದರೆ ಊಟಕ್ಕೆ ಬಂದ, ಇಲ್ಲದಿದ್ದರೆ ಇಲ್ಲ. ಹೋಗಲಿ, ಕೋಪ ಮಾಡಿಕೊಳ್ಳಲಾದರೂ ಇದ್ದಾನಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಆದರೂ ಅವನು ಬೆನ್ನು ಬಾಗಿಸಿ ಬಸ್ ಸ್ಟಾಪಿನ ಕಡೆಗೆ ನಡೆಯುವುದನ್ನು ಕೈಯಲ್ಲಿನ ಟೈರು ಬಿಟ್ಟು ನೋಡುತ್ತಾ ನಿಲ್ಲುತ್ತಿದ್ದಳು.

ಆಯುಧಪೂಜೆ ಬಂತು. ಪೂಜೆ ಮಾಡಿ, ಗಂಡನ ಕೈಯಿಂದಲೇ ಅವತ್ತಿನ ಮೊದಲ ಸ್ವಿಚ್ ಹಾಕಿಸಬೇಕೆಂದು ಮುನಿಯಕ್ಕ ಲೆಕ್ಕ ಹಾಕಿದ್ದಳು. ಬೆಳಿಗ್ಗೆ ಎದ್ದವಳೇ ಸೀಗೆಪುಡಿ, ಸೋಪಿನ ನೀರು, ತೆಂಗಿನ ನಾರು ಹಿಡಿದು ಶುರುಮಾಡಿದಳು. ಜಾಕು ತೊಳೆದಳು, ಸ್ಪ್ಯಾನರ್ ತೊಳೆದಳು, ಗಾಳಿ ಟ್ಯಾಂಕು ತೊಳೆದಳು. ಮೂವತ್ತು ವರ್ಷದಿಂದ ಪ್ರತಿ ಆಯುಧಪೂಜೆಗೂ ಎಂಜಿನ್ನಿಗೆ ತಲೆಯ ಮೇಲಿಂದ ನೀರು ಹುಯ್ದು ಸ್ನಾನ ಮಾಡಿಸಿದ ಕೈ ಅದು. ಮೋಟರ್ ಹತ್ತಿರ ಬಂದಾಗ ಆ ಕೈ ಅವಳನ್ನು ಒಂದು ಮಾತೂ ಕೇಳಲಿಲ್ಲ. ತಗಡಿನ ಮಾಡಿನ ಕೆಳಗೆ ಬಗ್ಗಿ, ಒಂದು ಬಕೆಟ್ ನೀರನ್ನು ಭಕ್ತಿಯಿಂದ ಮೋಟರಿನ ಮೇಲೆ ಸುರಿದಳು. ನಾರಿನಿಂದ ಉಜ್ಜಿ ಇನ್ನೊಂದು ಬಕೆಟ್ ಸುರಿದಳು. ಒರೆಸಿ, ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿದಳು. ಮೋಟರ್ ಮದುವೆ ಗಂಡಿನ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ಸಂಗಮೇಶನ ಟೆಂಪೋ ಟ್ರಾವೆಲರ್ ಕುಂಟುತ್ತಾ ಬಂತು. ಔಷಧಿ ಕಾರ್ಖಾನೆಯೊಂದರ ಶಿಫ್ಟಿನವರನ್ನು ಕರೆದುಕೊಂಡು ಹೋಗುವ ಡ್ರೈವರ್ ಅವನು. ಹಬ್ಬದ ದಿನವೂ ಆ ಕಾರ್ಖಾನೆಗೆ ರಜೆ ಇಲ್ಲ. ಮುಂದೆ ಬಾಳೆಕಂದು ಕಟ್ಟಿದ್ದ ಗಾಡಿಯ ಹಿಂದಿನ ಟೈರು ನೆಲಕ್ಕೆ ಅಂಟಿತ್ತು, ಒಳಗೆ ಜನ ಕೂತಿದ್ದರು. ಮುನಿಯಕ್ಕ ಟೈರು ಬಿಚ್ಚಿ, ಪಂಚರ್ ಹಾಕಿ, ಗಾಳಿಗೆ ತಯಾರು ಮಾಡಿದಳು. ಬೂದುಗುಂಬಳಕಾಯಿ ಒಡೆದು, ಬಸ್ ಸ್ಟಾಪಿಗೆ ಹೇಳಿಕಳಿಸಿ ಗಂಡನನ್ನು ಕರೆಸಿದಳು. ಲಕ್ಷ್ಮಣಪ್ಪ ಬಂದು ದೂರದಲ್ಲೇ ನಿಂತ. ಮೋಟರಿನ ಹಾರ ನೋಡಿದ, ಎಂಜಿನ್ ಮೇಲಿನ ಗೋಣಿಚೀಲ ನೋಡಿದ. ನೀನು ಹಾಕು ಎಂದು ಅವಳು ಸ್ವಿಚ್ ತೋರಿಸಿದಾಗ ಮುಖ ತಿರುಗಿಸಿದ.

“ನಂದೇನೈತೆ ಇಲ್ಲಿ ಕೆಲ್ಸ,” ಎಂದ. “ನಿನ್ ಮೋಟ್ರು, ನೀನೇ ಆಕ್ಕೊ.”

ಮುನಿಯಕ್ಕನಿಗೆ ರೋಷ ಬಂತು. ಹೋಗಿ ತಾನೇ ಸ್ವಿಚ್ ಒತ್ತಿದಳು. ಮೋಟರ್ ಒಂದು ಸಲ ಗುರ್ ಎಂದಿತು, ಮನೆಯೊಳಗೆ ಎಲ್ಲೋ ಟಪ್ ಎಂದು ಕರೆಂಟು ಟ್ರಿಪ್ ಆಯಿತು, ಹಾರದಿಂದ ಟಪಟಪ ನೀರು ತೊಟ್ಟಿಕ್ಕಿತು. ಆಗ ಅವಳಿಗೆ ತಾನೇನು ಮಾಡಿದೆ ಎಂಬುದು ಹೊಳೆಯಿತು. ಮಳೆ ಹನಿ ತಾಗದಿರಲೆಂದು ಮಾಡು ಹಾಕಿಸಿದವಳು ಮಾಡಿನ ಕೆಳಗೆ ನಿಂತೇ ಎರಡು ಬಕೆಟ್ ಸುರಿದಿದ್ದಳು. ತಲೆಯ ಮೇಲೆ ಕೈಹೊತ್ತು ಅಲ್ಲೇ ಕುಕ್ಕರಿಸಿದಳು.

ಲಕ್ಷ್ಮಣಪ್ಪ ನಗಲಿಲ್ಲ, ಹಂಗಿಸಲೂ ಇಲ್ಲ. ಸುಮ್ಮನೆ ಹೋಗಿ ಎಂಜಿನ್ ಮೇಲಿನ ಗೋಣಿಚೀಲ ಸರಿಸಿದ. ಮೊಳೆಗೆ ನೇತುಹಾಕಿದ್ದ ಹಳೇ ಬೆಲ್ಟನ್ನು ತಂದು ಚಕ್ರಕ್ಕೆ ಏರಿಸಿದ. ಅವನ ಬೆನ್ನು ನೆಟ್ಟಗಾಗಿತ್ತು. ಸಂಗಮೇಶ ಪರಿಸ್ಥಿತಿ ಅರ್ಥ ಮಾಡಿಕೊಂಡು, ಇರಿ ಯಜಮಾನ್ರೇ, ನಾನೇ ಎಳೆಯುತ್ತೇನೆ ಎಂದು ಮುಂದೆ ಬಂದ. ಲಕ್ಷ್ಮಣಪ್ಪ ತನ್ನ ಅಂಗಿಯೊಳಗಿನಿಂದ, ಟ್ಯೂಬು ಸೀಳಿ ಹೆಣೆದಿದ್ದ ಹಗ್ಗ ತೆಗೆದುಕೊಟ್ಟ. ಅದನ್ನು ಅಲ್ಲಿಯವರೆಗೂ ಮೈಮೇಲೆಯೇ ಇಟ್ಟುಕೊಂಡಿದ್ದ ಅನ್ನಿ! ಸಂಗಮೇಶ ಎಳೆದ. ಎಂಜಿನ್ ಕೆಮ್ಮಿತು. ಮತ್ತೆ ಎಳೆದ, ಹೊಗೆ ಉಗುಳಿತು. ಇನ್ನೊಮ್ಮೆ ಎಳೆದಾಗ ಹಗ್ಗವನ್ನು ವಾಪಸ್ ಕಿತ್ತುಕೊಂಡು ಅವನ ಅಂಗೈ ಸುಲಿಯಿತು. ಗಾಡಿಯೊಳಗಿನವರು ಕಿಟಕಿಯಿಂದ ತಲೆ ಹೊರಗೆ ಹಾಕಿ, ಹೊತ್ತಾಯಿತು ಎಂದು ಗೊಣಗತೊಡಗಿದರು.

“ಬಿಡಪ್ಪ, ಅದು ನನ್ ಕೈಗೇ ಅತ್ತೋದು,” ಎಂದು ಲಕ್ಷ್ಮಣಪ್ಪ ಅವನನ್ನು ಪಕ್ಕಕ್ಕೆ ಸರಿಸಿದ. ಹಗ್ಗ ಸುತ್ತಿದ. ಅಂಗೈಗೆ ಉಗಿದು ಉಜ್ಜಿದ. ಎಡಗಾಲನ್ನು ಕಟ್ಟೆಗೆ ಒತ್ತಿದ.

ಮುನಿಯಕ್ಕ ಎದ್ದಳು. ಬಂದವಳು ಹಗ್ಗ ಕಿತ್ತುಕೊಳ್ಳಲಿಲ್ಲ, ಕೂಗಾಡಲಿಲ್ಲ. ಸೀರೆ ಎತ್ತಿ ಕಟ್ಟಿ, ಹಬ್ಬದ ಹೊಸ ಸೀರೆಯೆಂದೂ ನೋಡದೆ, ಎಣ್ಣೆ ಜಿಡ್ಡು ಮೆತ್ತಿದ ಆ ಎಂಜಿನ್ ಮೇಲೆ ಹತ್ತಿ, ಒಂದು ಕಾಲನ್ನು ಚಕ್ರಕ್ಕೆ ಅಡ್ಡ ಕೊಟ್ಟು ಕೂತುಬಿಟ್ಟಳು.

“ಇಳಿಯೇ,” ಎಂದ ಲಕ್ಷ್ಮಣಪ್ಪ. “ಜನ ನೋಡ್ತಾವ್ರೆ.”

“ನೋಡ್ಲಿ.”

“ಗಾಡಿ ನಿಂತೈತೆ ಕಣೇ.”

“ನಿಂತ್ರೆ ನಿಂತ್ಕೊಳ್ಲಿ. ಅದುಕ್ಕೆ ಬೇರೆ ಗಾಲಿ ಆಕ್ಕೊಂಡು ಓಯ್ತಾರೆ,” ಎಂದಳು ಮುನಿಯಕ್ಕ. ಅವಳ ದನಿ ಒಡೆದಿತ್ತು. “ನೀನು ನಿಂತೋದ್ರೆ ನಾನ್ ಏನಯ್ಯ ಆಕ್ಕೊಳ್ಲಿ? ಈ ಸದ್ದು ಕೇಳ್ದಾಗೆಲ್ಲ ನೀನು ಓಗ್ಬುಟ್ಟೆ ಅನ್ಕೊಂಡೇ ಓಡ್ಬತ್ತೀನಿ ನಾನು. ಕೈ ಮುರ್ದಾಗ ನಂಗೆ ಅಗ್ಗ ಮುಟ್ಬೇಡ ಅಂದೆ, ಮುಟ್ಟಿದ್ನಾ? ಈಗ ನಾನ್ ಯೋಳ್ತಾ ಇವ್ನಿ. ಎಳೀಲೇಬೇಕು ಅಂದ್ರೆ ನನ್ನೂ ಸೇರ್ಸಿ ಎಳಿ.”

ಲಕ್ಷ್ಮಣಪ್ಪ ಹಗ್ಗ ಹಿಡಿದೇ ನಿಂತಿದ್ದ. ಮದುವೆಯಾದಾಗಿನಿಂದ ಅವಳು ಬೈದದ್ದನ್ನು ಕೇಳಿದ್ದ, ಅಳುವುದನ್ನು ಹೆಚ್ಚು ನೋಡಿರಲಿಲ್ಲ. ಈಗ ಅವಳು ನಡುರಸ್ತೆಯಲ್ಲಿ, ಅಷ್ಟು ಜನರ ಮುಂದೆ, ಖಾಕಿ ಅಂಗಿಯ ತೋಳಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕುಂಕುಮವೂ ಗ್ರೀಸೂ ಒಟ್ಟಿಗೆ ಮುಖಕ್ಕೆಲ್ಲ ಮೆತ್ತಿಕೊಂಡಿತು. ಅವನು ಕಾಲನ್ನು ಕಟ್ಟೆಯಿಂದ ಇಳಿಸಿದ. ಹಗ್ಗವನ್ನು ಚಕ್ರದಿಂದ ಬಿಚ್ಚಿ, ಮಡಿಸಿ, ಅವಳ ಮಡಿಲಿಗೆ ಹಾಕಿದ.

“ಇಳಿ,” ಎಂದ ಮೆಲ್ಲಗೆ. “ಸೀರೆ ಆಳಾಯ್ತದೆ.”

ಸಂಗಮೇಶ ಕೆಮ್ಮಿ ಆಚೆ ತಿರುಗಿದ. ಸ್ಟೆಪ್ನಿ ಇದೆಯಲ್ಲ, ಗಾಳಿ ಸ್ವಲ್ಪ ಕಮ್ಮಿ ಇದ್ದರೂ ಪೆಟ್ರೋಲ್ ಬಂಕಿನವರೆಗೆ ನಡೆಯುತ್ತದೆ ಎಂದು ತಾನೇ ಹಾಕಿಕೊಂಡು ಹೊರಟ. ಹೋಗುವಾಗ ಗಾಡಿಯೊಳಗಿನ ಹೆಂಗಸರಲ್ಲಿ ಯಾರೋ ಮುನಿಯಕ್ಕನಿಗೆ ಕೈಬೀಸಿದರು.

ಅಂಬರೀಶ ಬಂದು ಮೋಟರ್ ಬಿಚ್ಚಿದ. ಸುಟ್ಟಿಲ್ಲ, ನೆನೆದಿದೆ ಅಷ್ಟೇ, ಒಣಗಿಸಿ ವಾರ್ನಿಶ್ ಹೊಡೆದರೆ ಸರಿಹೋಗುತ್ತದೆ ಎಂದ. ಅಕ್ಕ, ಎಣ್ಣೆಸ್ನಾನ ಮಾಡಿಸಲಿಲ್ಲವಲ್ಲ, ನನ್ನ ಪುಣ್ಯ ಎಂದು ಕಾಲೆಳೆದ. ಮುನಿಯಕ್ಕ ಎದುರು ಮಾತಾಡದೆ ಕೇಳಿಸಿಕೊಂಡ ದಿನ ಬಹುಶಃ ಅದೊಂದೇ. ಮೋಟರನ್ನು ಆಟೋದಲ್ಲಿ ಹಾಕಿ ಕಳಿಸುವಾಗ ಲಕ್ಷ್ಮಣಪ್ಪನೂ ಹತ್ತಿ ಕೂತ. ಅಂಬರೀಶನ ಅಂಗಡಿಯಲ್ಲಿ ಕೂತು, ಅದು ಒಣಗುವುದನ್ನು ಕಾಯುತ್ತಾ, ಒಳಗಿನ ತಂತಿಗಳೆಲ್ಲ ಏನೇನೆಂದು ತಲೆ ತಿಂದನಂತೆ. ನಮ್ಮಪ್ಪನ ಎಂಜಿನ್ ಆದರೆ ನೀರಿಗೆ ಹೆದರುತ್ತಿರಲಿಲ್ಲ ಎಂದು ಮಾತುಮಾತಿಗೂ ಹೇಳಿದನಂತೆ. ಆದರೂ ಮೋಟರ್ ವಾಪಸ್ ಬರುವಾಗ ಅದನ್ನು ಗೋಣಿಚೀಲದಲ್ಲಿ ಸುತ್ತಿ, ಕೂಸನ್ನು ಹಿಡಿದ ಹಾಗೆ ತೊಡೆಗೆ ಒರಗಿಸಿ ಹಿಡಿದುಕೊಂಡು ತಂದ.

ಮೋಟರ್ ಮತ್ತೆ ಕೂರಿಸಿದ ಮಾರನೇ ದಿನ ಬೆಳಿಗ್ಗೆ ಅವನು ಬಸ್ ಸ್ಟಾಪಿಗೆ ಹೋಗಲಿಲ್ಲ. ಮುಖ ತೊಳೆದು, ತಲೆ ಬಾಚಿ, ಹೊಂಗೆಮರದ ಕೆಳಗೆ ಬಂದು ಬೆಂಚಿನ ಮೇಲೆ ಕೂತ. ಪಕ್ಕದ ಕಂಬದಲ್ಲಿದ್ದ ಸ್ವಿಚ್ಚನ್ನು ನೋಡಿದ. ಕೈ ಚಾಚಿ ನೋಡಿದ, ಸರಿಯಾಗಿ ಕೈಗೆ ಸಿಕ್ಕಿತು. ಇಷ್ಟು ದೂರ ಯಾಕೆ ಹಾಕಿಸಿದೆ ಎಂದು ಹೆಂಡತಿಯನ್ನು ಕೇಳಲು ಬಾಯಿ ತೆರೆದವನು ಬೆಂಚನ್ನೂ ಕಂಬವನ್ನೂ ಇನ್ನೊಮ್ಮೆ ನೋಡಿದ. ಕಂಬ ಇರುವುದು ತಾನು ಕೂರುವ ಜಾಗದಲ್ಲಿ ಎಂಬುದು ಅಷ್ಟು ದಿನ ಅವನ ತಲೆಗೆ ಹೋಗಿರಲಿಲ್ಲ.

ಮುನಿಯಕ್ಕ ಬೈಕೊಂದರ ಟೈರು ಹಿಡಿದು, ಗಾಳಿ ಬೇಕು ಎಂದಳು.

ಲಕ್ಷ್ಮಣಪ್ಪ ಎದ್ದು ನಿಂತ. ಅಂಗಿಯ ತೋಳು ಮಡಿಸಿದ. ಥೂ ಥೂ ಎಂದು ಅಂಗೈಗೆ ಉಗಿದು ಚೆನ್ನಾಗಿ ಉಜ್ಜಿದ. ಎಡಗಾಲನ್ನು ಬೆಂಚಿನ ಬುಡಕ್ಕೆ ಒತ್ತಿ, ಉಸಿರು ಬಿಗಿ ಹಿಡಿದು, ಒಂದೇ ಒಂದು ಬೆರಳಿನಿಂದ ಸ್ವಿಚ್ ಒತ್ತಿದ. ಮೋಟರ್ ಗುಯ್ ಎಂದು ತಿರುಗಿತು. ಅವನು ಊರನ್ನೇ ಗೆದ್ದವನ ಹಾಗೆ ಹೆಂಡತಿಯ ಕಡೆ ನೋಡಿದ.

ಮುನಿಯಕ್ಕನಿಗೆ ನಗು ಬಂತು. ಎಲೆಯಡಿಕೆ ಉಗಿಯುವ ನೆಪದಲ್ಲಿ ಆಚೆ ತಿರುಗಿ, ಸಾವರಿಸಿಕೊಂಡು ಈಚೆ ತಿರುಗಿದಳು.

“ಆಯ್ತು ಬಿಡು,” ಎಂದಳು.